ಮಾವನವರು ಸತ್ತ ದೃಶ್ಯ

ಸಿನಿಮಾ ತೆಗೆಯುವುದು ಕಷ್ಟದ ಕೆಲಸ ಎಂದು ನನಗೆ ಅನ್ನಿಸಿರಲೇ ಇಲ್ಲ. ಮಧುಗಿರಿಯಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ನಾನು, ಅಳುವ ಹೆಣ್ಣಿನ ಕಡೆಯವರನ್ನೂ ಮುನಿಸಿಕೊಂಡ ಗಂಡಿನ ಕಡೆಯವರನ್ನೂ ಬೇಕಾದಷ್ಟು ನೋಡಿದ್ದೆ. ಇನ್ನು ಬೇಕಾಗಿದ್ದದ್ದು ಕಥೆ ಮಾತ್ರ. ಆದ್ದರಿಂದ ಶಿರಾದ ಗೆಳೆಯ ನಜೀರನ ಜೊತೆ ಸೇರಿ ‘ಬೆಟ್ಟದ ನೆರಳು ಕಂಬೈನ್ಸ್’ ಎಂಬ ಚಿತ್ರ ನಿರ್ಮಾಣ ಸಂಸ್ಥೆಯನ್ನು ವಿಧ್ಯುಕ್ತವಾಗಿ ಸ್ಥಾಪಿಸಿದೆ. ಛಾಯಾಗ್ರಹಣ ನಜೀರನದು. ಕಥೆ, ಸಂಭಾಷಣೆ, ನಿರ್ದೇಶನ ನನ್ನದು. ಊಟದ ವ್ಯವಸ್ಥೆ ನನ್ನ ಹೆಂಡತಿ ಶಶಿಕಲಾಳದು. ಇದನ್ನು ಅವಳಿಗೆ ಆಮೇಲೆ ತಿಳಿಸಲಾಯಿತು.

ಮೊದಲ ಚಿತ್ರದಲ್ಲಿ ಊರ ಹಿರಿಯನೊಬ್ಬ ಸಾಯಬೇಕಿತ್ತು. ಕೇಳಿದವರೆಲ್ಲ ಅಪಶಕುನವೆಂದು ಬಾಗಿಲು ಹಾಕಿಕೊಂಡರು. ಕೊನೆಗೆ ಐ.ಡಿ.ಹಳ್ಳಿಯಲ್ಲಿದ್ದ ನನ್ನ ಮಾವ ಸಿದ್ಧಲಿಂಗಪ್ಪನವರು ಒಪ್ಪಿದರು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಅಲ್ಲಾಡದೆ ನಿಲ್ಲುವುದನ್ನು ಮಕ್ಕಳಿಗೆ ಕಲಿಸುವುದರಲ್ಲೇ ಆಯುಷ್ಯ ಕಳೆದವರು.

“ಡೈಲಾಗ್ ಐತಾ?” ಎಂದರು.

“ಇಲ್ಲ ಮಾವ, ನೀವು ಸತ್ತೋಗಿರ್ತೀರಿ.”

“ಹಂಗಾದ್ರೆ ಸರಿ. ಬಾಯಿಪಾಠ ಮಾಡೋದು ತಪ್ತು.”

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಶೂಟಿಂಗಿನ ಹಿಂದಿನ ದಿನ ಮಾವನನ್ನು ಅವರ ಮನೆಯಂಗಳದ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ ಒಂದು ಫೋಟೋ ತೆಗೆದೆ. ಬಹಳ ಚೆನ್ನಾಗಿ ಸತ್ತಿದ್ದರು. ಅಳಲು ಬರಬೇಕಾಗಿದ್ದ ದೊಡ್ಡೇರಿಯ ಜನರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿ, “ನಾಳೆ ಹತ್ತು ಗಂಟೆಗೆ ಎಲ್ಲರೂ ಬನ್ನಿ. ಬಿಳಿ ಬಟ್ಟೆ ಇರಲಿ” ಎಂದು ಬರೆದೆ. ನಂತರ ಮನೆಯಲ್ಲಿದ್ದ ಫೋನ್‌ಗಳನ್ನೆಲ್ಲ ಆಫ್ ಮಾಡಿದೆ. ನಿರ್ದೇಶಕನಿಗೆ ಏಕಾಗ್ರತೆ ಮುಖ್ಯ.

ಮರುದಿನ ಮಾವನನ್ನು ಮತ್ತೆ ಹಾಗೆಯೇ ಕೂರಿಸಿದೆವು. ಹತ್ತಾದರೂ ದೊಡ್ಡೇರಿಯಿಂದ ಯಾರೂ ಬರಲಿಲ್ಲ. ನಜೀರ್ ಕ್ಯಾಮೆರಾವನ್ನು ಮಾವನ ಎದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟೆಸ್ಟ್‌ಗೆಂದು ಚಾಲೂ ಮಾಡಿ, “ನಾನು ಹೋಗಿ ಕರ್ಕೊಂಡು ಬರ್ತೀನಿ ಭಾಯ್” ಎಂದು ಬೈಕ್ ಹತ್ತಿ ಹೋದ. ಅವನು ಆ ಕಡೆ ಹೋದ. ಈ ಕಡೆ ಒಂದು ಟೆಂಪೋ ಬಂತು. ಅದರ ತುಂಬ ನೆಂಟರು. ಎಲ್ಲರೂ ಬಿಳಿ ಬಟ್ಟೆಯಲ್ಲಿ.

ಫೋನ್ ಆನ್ ಮಾಡಿದೆ. ಫೋಟೋ ಹೋಗಿದ್ದದ್ದು ‘ನಮ್ಮ ಬಳಗ’ ಎಂಬ ಗುಂಪಿಗೆ.

ಅಡುಗೆಮನೆಯಿಂದ ಶಶಿಕಲಾ ಓಡಿಬಂದಳು. “ಏನ್ರೀ ಇದು, ಎಲ್ಲಾ ಎದೆ ಬಡ್ಕೊಂಡು ಬರ್ತಾವ್ರೆ? ಪಾವಗಡದ ಅತ್ತೇನೂ ಬಂದವ್ರೆ.”

ಪಾವಗಡದ ಅತ್ತೆ ಎಂದರೆ ಮಾವನ ತಂಗಿ ಗಂಗಮ್ಮ. ಹೊಲದ ಬದುವಿನ ಹುಣಸೆಮರ ಯಾರದೆಂದು ಜಗಳವಾಗಿ, ಅಣ್ಣ ತಂಗಿ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರು. ಒಂದು ಮದುವೆಯಲ್ಲಿ ಆಕೆ ಕೋಪದಿಂದ ಎಸೆದ ಹಿತ್ತಾಳೆ ಚೊಂಬನ್ನು ನಾನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ಸಂದರ್ಭದ ಗಾಂಭೀರ್ಯವನ್ನು ಅರಿತು, ಹುಲ್ಲಿನ ಬಣವೆಯ ಹಿಂದೆ ಸರಿದೆ.

ಮಾವನವರು ಮಾತ್ರ ಅಲ್ಲಾಡಲಿಲ್ಲ. ಬಂದವರು ಸಿನಿಮಾದ ಜನವೆಂದೇ ಅವರು ತಿಳಿದಿದ್ದರು. ‘ಕಟ್’ ಎನ್ನುವ ಅಪ್ಪಣೆ ಬರದೆ ಕಣ್ಣು ತೆರೆಯುವ ಜಾತಿಯವರಲ್ಲ. ಅಷ್ಟರಲ್ಲಿ ಗಂಗಮ್ಮ ಅವರ ಕಾಲ ಬಳಿ ಕುಸಿದು ಕೂತರು.

“ಅಣ್ಣಯ್ಯಾ, ನಾನ್ ಬರೋಗಂಟ ತಡೀಬಾರ್ದಾ? ಜ್ವರ ಬಂದಾಗ ಹೆಗಲ ಮ್ಯಾಲೆ ಹೊತ್ಕಂಡು ಆಸ್ಪತ್ರೆಗೆ ನಡ್ಕಂಡ್ ಹೋದೋನು ಕಣೋ ನೀನು. ಒಂದ್ ಮರಕ್ಕೋಸ್ಕರ ನಿನ್ನ ಮುಖ ನೋಡ್ದಂಗೆ ಮಾಡ್ಕಂಬುಟ್ನಲ್ಲ. ನೀನೇ ಇಕ್ಕೋ ಆ ಮರವ. ಎದ್ದೇಳಣ್ಣಯ್ಯಾ.”

ನಾನು ಬಣವೆಯ ಸಂದಿಯಿಂದ ಇಣುಕಿದೆ. ಮಾವನ ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿದು, ಕೆನ್ನೆಯ ವಿಭೂತಿಯಲ್ಲಿ ದಾರಿ ಮಾಡಿಕೊಂಡು ಗದ್ದಕ್ಕೆ ಬಂತು. ಹಿಂದೆಯೇ ಇನ್ನೊಂದು. ನನ್ನ ಕಣ್ಣೂ ಮಂಜಾಯಿತು. ಆಗಲಾದರೂ ಎದ್ದುಹೋಗಿ ನಿಜ ಹೇಳಬಹುದಿತ್ತು. ಚೊಂಬು ನೆನಪಾಯಿತು.

“ಗಂಗೂ, ಮರ ನಿಂದೇ ಕಣೇ” ಎಂದಿತು ಹೆಣ.

ಟೆಂಪೋದಲ್ಲಿ ಬಂದವರು ಟೆಂಪೋವರೆಗೂ ಓಡಿದರು. ಗಂಗಮ್ಮ ಓಡಲಿಲ್ಲ. ಅಣ್ಣನ ಮುಖವನ್ನು ಎರಡು ಕೈಯಲ್ಲೂ ಹಿಡಿದು ನೋಡಿದರು, ಮೂಗಿನ ಬಳಿ ಬೆರಳಿಟ್ಟು ನೋಡಿದರು. ಆಮೇಲೆ ಅವರ ಕೊರಳಲ್ಲಿದ್ದ ಹಾರವನ್ನೇ ಕಿತ್ತು ಅದು ಬರೀ ದಾರವಾಗುವವರೆಗೂ ಹೊಡೆದರು. ಹೊಡೆಯುತ್ತಲೇ ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು.

“ಯಾವನ್ ಮಾಡಿದ್ದು ಈ ಕೆಲ್ಸ?”

ಶಶಿಕಲಾ ಬಣವೆಯ ಕಡೆ ಕೈ ತೋರಿದಳು. ಮಾವನವರೂ ತೋರಿದರು.

“ಏಮಯ್ಯಾ ಅಳಿಯಾ, ಈಚೆ ಬಾ” ಎಂದರು ಗಂಗಮ್ಮ. ಹೋದೆ. ಅದೃಷ್ಟಕ್ಕೆ ಹಾರದಲ್ಲಿ ಹೂವು ಉಳಿದಿರಲಿಲ್ಲ, ದಾರಕ್ಕೆ ಅಷ್ಟೇನೂ ಪೆಟ್ಟು ಇರಲಿಲ್ಲ. ದೊಡ್ಡೇರಿಯವರಿಗೆಂದು ಮಾಡಿದ್ದ ಮುದ್ದೆ, ಅವರೇಕಾಳು ಸಾರನ್ನು ನೆಂಟರು ಉಂಡರು. ಅಣ್ಣ ತಂಗಿ ಪಕ್ಕಪಕ್ಕ ಕೂತು ಉಂಡರು.

ಚಿತ್ರ ಮುಗಿದು ಮಧುಗಿರಿಯ ಒಂದು ಸಮುದಾಯ ಭವನದಲ್ಲಿ ತೋರಿಸಿದೆವು. ನಾನು ರಾತ್ರಿಗಳನ್ನು ಸವೆಸಿ ಬರೆದ ಸಂಭಾಷಣೆ ನಡೆಯುವಾಗ ಜನ ಫೋನ್ ನೋಡುತ್ತಿದ್ದರು. ಆ ಸಾವಿನ ದೃಶ್ಯ ಬಂದಾಗ ಮಾತ್ರ ಫೋನ್‌ಗಳು ಜೇಬಿಗಿಳಿದವು, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೆಣ ಕಣ್ಣೀರಿಟ್ಟು ಮಾತಾಡುವುದರೊಳಗೆ ನಾವು ಕತ್ತರಿಸಿದ್ದೆವು.

ಹೊರಗೆ ಬಂದ ಹಿರಿಯರೊಬ್ಬರು ನಜೀರನ ಕೈ ಹಿಡಿದು, “ಅದೊಂದು ಸೀನ್ ಹೆಂಗ್ ತೆಗೆದ್ರಪ್ಪ?” ಎಂದು ಕೇಳಿದರು.

“ಆವತ್ತು ನಾವಿಬ್ರೂ ಅಲ್ಲಿರ್ಲಿಲ್ಲ ಸಾಹೇಬ್ರೆ” ಎಂದ ನಜೀರ್. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

ಸಂಸ್ಥೆ ಈಗಲೂ ಇದೆ. ಎರಡನೆಯ ಚಿತ್ರದಲ್ಲಿ ನಟಿಸಲು ಗಂಗಮ್ಮನವರು ಸಂತೋಷದಿಂದ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಕ್ಯಾಮೆರಾ ಚಾಲೂ ಆದ ಮೇಲೆ ನಿರ್ದೇಶಕರು ಕಣ್ಣಿಗೆ ಬೀಳಬಾರದು.

“ಆಯಪ್ಪ ಎದ್ರುಗಿದ್ರೆ ನಂಗೆ ಅಳು ಬರಾಕಿಲ್ಲ, ನಗು ಬತ್ತದೆ” ಎಂದರಂತೆ.

ಸಂಸ್ಥೆಯ ಹಿತದೃಷ್ಟಿಯಿಂದ ಒಪ್ಪಿಕೊಂಡಿದ್ದೇನೆ.