ಕಾದ ಗಾಜು ಮತ್ತು ಇನ್‌ಸ್ಪೆಕ್ಟರ್ ಸಾಹೇಬರು

ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಶಾಲಾಮಾಸ್ತರನು ಎಲ್ಲಿಗೂ ಹೋಗಬೇಕಾಗಿಲ್ಲ. ಮೇಲಿನವರು ತಾವಾಗಿಯೇ ಬರುತ್ತಾರೆ. ನಿಜಾಮರ ಕಾಲದಲ್ಲಿ, ಶಹಾಬಾದದ ನಮ್ಮ ಶಾಲೆಗೆ ಕರೆಂಟು ಬಂದ ಹೊಸದರಲ್ಲಿ ನಡೆದವು ಇವು.

೧. ಎರಡು ಕಡ್ಡಿ

ವಿಜ್ಞಾನದ ತರಗತಿ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಇನ್‌ಸ್ಪೆಕ್ಟರರು ಬರುವವರಿದ್ದರು. ಆ ವರ್ಷ ನನ್ನ ಹೆಂಡತಿ ತೀರಿಕೊಂಡಿದ್ದಳು. ನನ್ನನ್ನು ಮನೆಯಿಂದ ಹೊರಗೆ ತರುತ್ತಿದ್ದುದು ಆ ತರಗತಿಯೊಂದೇ. ಒಂದು ಪ್ರಯೋಗ ತೋರಿಸಿ ಅದನ್ನು ಉಳಿಸಿಕೊಳ್ಳಲು ಹೈದರಾಬಾದಿನಿಂದ ಎರಡು ಬಗೆಯ ಗಾಜಿನ ಕಡ್ಡಿ ತರಿಸಿದೆ.

"ಗಾಜು ಅಂದ್ರ ಗಾಜು. ಎರಡು ಯಾಕ್ರಿ ಮಾಸ್ತರ?" ಎಂದರು ಹೆಡ್‌ಮಾಸ್ತರರು.

"ಇದರಾಗ ಮರಳಿನ ಕೂಡ ಸವಳು ಹೆಚ್ಚದರಿ, ಅದರಾಗ ಸೀಸ. ಕಾಯಿಸಿದ್ರ ಸವಳಿನ ಗಾಜಿನಾಗ ಕರೆಂಟು ಸಲೀಸು ಹರೀತದ, ಸೀಸದ್ರಾಗ ಭಾಳ ಕಮ್ಮಿ."

ಅವರು ಕಡ್ಡಿಯನ್ನು ಮೂಸಿ ನೋಡಿದರು. "ಅಗಸರು ಅರಿವಿ ಒಗಿಯೋ ಸವಳು?"

"ಹೌದ್ರಿ."

"ಹಂಗಾರ ಸಾಹೇಬ್ರ ಮುಂದ ಸೀಸದ್ದೇ ಇಡ್ರಿ. ಖಾನದಾನಿ ಕಾಣ್ತದ."

೨. ನಾಪಾಸು

ತಪಾಸಣೆಯ ಹಿಂದಿನ ದಿನ ಅಕ್ಕಸಾಲಿಗರ ಊದುಗೊಳವೆ ತಂದು, ಕರೆಂಟು ದೀಪದ ತಂತಿಯನ್ನು ನಡುವೆ ಕತ್ತರಿಸಿ, ಆ ತೆರಪಿನಲ್ಲಿ ಒಂದೊಂದೇ ಕಡ್ಡಿಯನ್ನು ಜೋಡಿಸಿ, ಒಂದೇ ಉರಿಯಲ್ಲಿ ಕಾಯಿಸಿ ನೋಡಿದೆ. ಸವಳಿನ ಗಾಜು ಕೆಂಪಾದೊಡನೆ ದೀಪ ಹತ್ತಿತು. ಸೀಸದ್ದಕ್ಕೆ ಹತ್ತಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಡ್ರಿಲ್ ಮಾಸ್ತರರು, "ನಾಪಾಸಾದದ್ದಕ್ಕ ಎರಡು ಬೆತ್ತ ಬಿಗೀರಿ, ತಾನೇ ಹರೀತದ" ಎಂದರು.

ಅವರ ತರಗತಿಯಲ್ಲಿ ಈ ವಿಧಾನದಿಂದ ಎಷ್ಟೋ ಬೆತ್ತಗಳು ಮುರಿದಿದ್ದವು; ವಿದ್ಯೆ ಮಾತ್ರ ಇನ್ನೂ ಹರಿದಿರಲಿಲ್ಲ.

೩. ಕಿತಾಬು ಗೆದ್ದದ್ದು

ಇನ್‌ಸ್ಪೆಕ್ಟರರು ಉರ್ದು ಪಠ್ಯಪುಸ್ತಕ ತೆರೆದರು. "ಗಾಜಿನಾಗ ಕರೆಂಟು ಹರಿಯೋದಿಲ್ಲ ಅಂತ ಕಿತಾಬಿನಾಗ ಅದ. ತೋರಸ್ರಿ."

"ತಣ್ಣಗಿದ್ದಾಗ ಹರಿಯೋದಿಲ್ರಿ. ಕಾದಾಗ..."

"ಕಾದಾಗ ಅಂತ ಕಿತಾಬಿನಾಗ ಇಲ್ಲ."

ನಾನು ಸವಳಿನ ಕಡ್ಡಿಯನ್ನೇ ಜೋಡಿಸಿ ಉರಿ ಊದಿದೆ. ದೀಪ ಹತ್ತಿತು. ಸಾಹೇಬರ ಮುಖ ಕಪ್ಪಿಟ್ಟಿತು.

"ಆರಸ್ರಿ ಅದನ್ನ!"

ಉರಿ ತೆಗೆದೆ. ದೀಪ ಆರಲಿಲ್ಲ.

"ಈಗ ಕರೆಂಟೇ ಗಾಜನ್ನ ಕಾಯಿಸಾಕತ್ತದರಿ," ಎಂದೆ.

ಸ್ವಿಚ್ಚು ಕಚೇರಿಯೊಳಗೆ, ಕಚೇರಿಗೆ ಕೀಲಿ, ಕೀಲಿಕೈ ಸಾಹೇಬರಿಗೆ ಚಹಾ ತರಲು ಹೋದ ಜವಾನನ ಬಳಿ. ಹೆಡ್‌ಮಾಸ್ತರರು ಮುಂದೆ ಬಂದು ದೀಪದ ಬುರುಡೆಯನ್ನು ಉಫ್ ಉಫ್ ಎಂದು ಊದತೊಡಗಿದರು.

ಅಷ್ಟರಲ್ಲಿ ಕಡ್ಡಿ ಮೆತ್ತಗಾಗಿ, ಬಾಗಿ, ತುಂಡಾಗಿ ಬಿತ್ತು. ದೀಪ ಆರಿತು.

"ಆರಿಸಿದೆ ನೋಡ್ರಿ, ಸಾಹೇಬ್ರ!" ಎಂದು ಹೆಡ್‌ಮಾಸ್ತರರು ಏದುಸಿರು ಬಿಟ್ಟರು.

ಸಾಹೇಬರು ಸಮಾಧಾನದಿಂದ ಕಿತಾಬು ಮುಚ್ಚಿದರು. "ಶಾಬಾಶ್ ಮಾಸ್ತರ! ಗಾಜಿನಾಗ ಕರೆಂಟು ಹರಿಯೋದಿಲ್ಲ ಅಂತ ಭಾಳ ಚಲೋ ತೋರಿಸಿದ್ರಿ. ಈ ತರಗತಿ ನಡೀಲಿ."