ಕಡುಬಿನ ಕೈತುತ್ತು

ಈ ವಿಷಯದಲ್ಲಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಸಾಕ್ಷಿಗಳು ಎಷ್ಟು ಸಲೀಸಾಗಿ ಸುಳ್ಳಾಡುತ್ತವೆ ಎಂಬುದನ್ನು ಓದಿ, ಪಾಸಾಗಿ, ಆಮೇಲೆ ನನ್ನ ದಿನಚರಿಯನ್ನೇ ಅನುಮಾನದಿಂದ ನೋಡುವ ಚಟ ಹತ್ತಿಸಿಕೊಂಡವಳು. ಅತ್ತೆ ಆ ದಿನ ಉಟ್ಟಿದ್ದ ಸೀರೆ ನನ್ನ ನೆನಪಿನಲ್ಲಿ ಒಮ್ಮೆ ಬಿಳಿ, ಒಮ್ಮೆ ತಿಳಿನೀಲಿ. ನಾಯಿಯ ಬಣ್ಣ ಮಾತ್ರ ಬದಲಾಗಿಲ್ಲ: ಗೋಧಿ ಬಣ್ಣದ ಮೈ, ಒಲೆಯೊಳಗೆ ಇಣುಕಿ ಬಂದಂಥ ಕಪ್ಪು ಮೂತಿ. ಮೂತಿ ಎನ್ನುವುದೂ ಬರೀ ಸೌಜನ್ಯಕ್ಕೆ. ಪಗ್ ಜಾತಿಯ ನಾಯಿಗೆ ಮುಖವಿರುತ್ತದೆ, ಮೂತಿ ಇರುವುದಿಲ್ಲ.

ನನ್ನ ಗಂಡನ ಸ್ನೇಹಿತರೊಬ್ಬರು ಊರು ಬದಲಿಸುವಾಗ ಇದನ್ನು ಪದ್ಮನಾಭನಗರದ ನಮ್ಮ ಮನೆಗೆ ತಂದುಬಿಟ್ಟರು. ಹಣೆಯ ಮಡಿಕೆಗಳು ಬೆರಳಿನಿಂದ ಒತ್ತಿ ಅಂಚು ಕಟ್ಟಿದಂತಿದ್ದುದರಿಂದ ಕಡುಬು ಎಂದು ಹೆಸರಿಟ್ಟೆವು. "ನೈವೇದ್ಯಕ್ಕಿಡೋ ಪದಾರ್ಥದ ಹೆಸರು ನಾಯಿಗಾ? ಹಬ್ಬದ ದಿನ ಕಡುಬು ಬೆಂದಿದೆ ಬನ್ನಿ ಅಂತ ಯಾವ ಬಾಯಲ್ಲಿ ಕರೀಲಿ?" ಎಂದು ಅತ್ತೆ ತಕರಾರು ತೆಗೆದರು. ನಾಯಿಯ ತಕರಾರು ಅದಕ್ಕಿಂತ ದೊಡ್ಡದಿತ್ತು. ಅಂಗಡಿಯಿಂದ ತಂದ ಗಟ್ಟಿ ಕಾಳಿನಂಥ ಆಹಾರ ಅದರ ಚಪ್ಪಟೆ ಮುಖಕ್ಕೆ ಎಟುಕುತ್ತಿರಲಿಲ್ಲ. ಬಟ್ಟಲಿಗೆ ಮುಖ ಒತ್ತಿದರೆ ಕಾಳು ಕಣ್ಣಿನ ಪಕ್ಕದ ಮಡಿಕೆಗೆ ಸೇರುತ್ತಿತ್ತೇ ಹೊರತು ಬಾಯಿಗಲ್ಲ. ಸಿಕ್ಕಷ್ಟನ್ನು ಅಗಿಯದೆ ನುಂಗಿ, ಸೋಫಾದ ಮೇಲೆ ವಾಪಸು ಮಾಡುತ್ತಿತ್ತು. ಪಕ್ಕೆಲುಬು ಕೈಗೆ ಸಿಗತೊಡಗಿದಾಗ ಗಾಬರಿಯಾಗಿ ಜೆ.ಪಿ. ನಗರದ ಒಬ್ಬ ಡಾಕ್ಟರಮ್ಮನ ಬಳಿಗೆ ಹೊತ್ತುಕೊಂಡು ಹೋದೆ.

"ಮನೇಲೇ ಮಾಡಿ ಹಾಕಿ ಮೇಡಂ. ಅನ್ನ, ಬೇಯಿಸಿದ ಸಿಹಿಗುಂಬಳ, ಚಿಕನ್. ಉಪ್ಪು ಬೇಡ, ಈರುಳ್ಳಿ ಬೇಡವೇ ಬೇಡ."

"ಚಿಕನ್ ನಮ್ಮನೇಲಿ ಆಗಲ್ಲ ಡಾಕ್ಟ್ರೇ."

"ಮೊಟ್ಟೆ?"

ನನ್ನ ಕಣ್ಣ ಮುಂದೆ ಅತ್ತೆ ಬಂದು ನಿಂತರು. ಬೆಳಿಗ್ಗೆ ಲಿಂಗಪೂಜೆಯಾಗದೆ ಕಾಫಿ ಕುಡಿಯದವರು. ಹುಟ್ಟುಹಬ್ಬದ ಕೇಕಿಗೆ ಮೊಟ್ಟೆ ಹಾಕಿದ್ದಾರೆಂಬ ಸಂಶಯಕ್ಕೇ ಮೊಮ್ಮಗಳ ಸಮಾರಂಭದಿಂದ ಎದ್ದುಬಂದವರು.

"ಏನಾದ್ರೂ ಮಾಡಿ, ಮೊಟ್ಟೆಯಾದ್ರೂ ಹಾಕಿ. ಹೀಗೇ ಇಳೀತಾ ಹೋದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕ್ಬೇಕಾಗುತ್ತೆ," ಎಂದರು ಡಾಕ್ಟರಮ್ಮ. ಕಡುಬು ಅವರ ಮೇಜಿನ ಮೇಲೆ ಗೊರಗೊರ ಉಸಿರಾಡುತ್ತ, ತನಗೆ ಸಂಬಂಧವಿಲ್ಲದ ಮಾತೆಂಬಂತೆ ಗೋಡೆ ನೋಡುತ್ತಿತ್ತು.

ಮನೆಯಲ್ಲಿ ಸಂಧಾನ ನಡೆಯಿತು. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಯುಟಿಲಿಟಿಯಲ್ಲಿ ಮೊಟ್ಟೆ ಹಾಕಿದ ನಾಯಿಯೂಟಕ್ಕೆ ಬೇರೆ ಕರೆಂಟ್ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ನಡುವಿನ ಬಾಗಿಲಲ್ಲಿ ಅತ್ತೆ ರಂಗೋಲಿ ಪುಡಿಯಿಂದ ಒಂದು ಗೆರೆ ಎಳೆದರು. "ಆ ಪಾತ್ರೆ ಈ ಗೆರೆ ದಾಟ್ಕೂಡ್ದು. ದಾಟ್ತೋ, ನಾನು ಉತ್ತರಹಳ್ಳಿಗೆ ಮಗಳ ಮನೆಗೆ ಹೋಗ್ಬಿಡ್ತೀನಿ."

"ಪಾಸ್‌ಪೋರ್ಟ್ ಇದ್ರೆ ದಾಟ್ಬಹುದಾ ಅಮ್ಮ?" ಎಂದ ನನ್ನ ಗಂಡನಿಗೆ ಅವತ್ತು ಕಾಫಿ ತಡವಾಗಿ ಸಿಕ್ಕಿತು. ಕಡುಬು ಯಾವ ಕಾನೂನಿಗೂ ಸೊಪ್ಪು ಹಾಕದೆ ಗೆರೆಯ ಎರಡೂ ಕಡೆ ಓಡಾಡಿ, ಬಿಳಿ ಹೆಜ್ಜೆಗಳನ್ನು ದೇವರ ಕೋಣೆಯವರೆಗೂ ಮೂಡಿಸಿತು.

ಮೊದಮೊದಲು ನನ್ನ ಅಡುಗೆಯನ್ನು ಮೂಸಿ, ಮಡಿಕೆಗಳಿಗೆಲ್ಲ ಕುಂಬಳಕಾಯಿ ಮೆತ್ತಿಕೊಂಡು, ಹಸಿದೇ ಮಲಗುತ್ತಿತ್ತು. ಜಯನಗರದಲ್ಲಿ ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ತಿದ್ದುವಾಗಲೂ ಡ್ರಿಪ್ಪಿನ ಸೂಜಿಯೇ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಸಂಜೆ ಮನೆಗೆ ಬಂದರೆ ತಟ್ಟೆ ಖಾಲಿ! ಮರುದಿನವೂ ಖಾಲಿ. ಕೆಲವು ವಾರಗಳಲ್ಲಿ ಪಕ್ಕೆಲುಬು ಮರೆಯಾಗಿ ಡಾಕ್ಟರಮ್ಮ "ಸಖತ್ ಆಗಿದಾನೆ" ಎಂದುಬಿಟ್ಟರು. ನಾನು ಉಬ್ಬಿಹೋದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಚಪ್ಪಟೆ ಮುಖದ ನಾಯಿಗಳ ಮನೆಯೂಟದ ಬಗ್ಗೆ ಉದ್ದನೆಯ ವಿಧಾನವನ್ನೇ ಬರೆದು ಹಾಕಿದೆ. ಶಿಹ್ ಟ್ಸು ಜಾತಿಯ ನಾಯಿ ಸಾಕಿರುವ ಮೂರನೆಯ ಮಹಡಿಯ ಆಂಟಿ ಲಿಫ್ಟಿನಲ್ಲಿ ಸಿಕ್ಕಿ, "ನಮ್ ಚಿನ್ನು ಮೂಸೂ ನೋಡ್ಲಿಲ್ಲ ಕಣ್ರೀ" ಎಂದಾಗ, "ಕುಂಬಳಕಾಯಿ ಹದ ತಪ್ಪಿರುತ್ತೆ ಆಂಟಿ" ಎಂದು ಕನಿಕರಪಟ್ಟೆ.

ಇತಿಹಾಸ ಓದಿದವಳು ಗಮನಿಸಬೇಕಾಗಿದ್ದ ಎರಡು ಸಂಗತಿಗಳಿದ್ದವು. ಒಂದು, ನಾನು ಮನೆಯಲ್ಲಿರುವ ಭಾನುವಾರಗಳಂದು ಕಡುಬು ತಟ್ಟೆಯ ಕಡೆ ತಿರುಗುತ್ತಿರಲಿಲ್ಲ. ವಾರಕ್ಕೊಂದು ಉಪವಾಸ ಹೊಟ್ಟೆಗೆ ಒಳ್ಳೆಯದೆಂದು ನಾನೇ ವ್ಯಾಖ್ಯಾನಿಸಿಕೊಂಡೆ. ಎರಡು, ಅತ್ತೆ ಮಧ್ಯಾಹ್ನ ಇನ್ನೊಂದು ಸ್ನಾನ ಮಾಡತೊಡಗಿದ್ದರು. ಸಂಜೆ ತಂತಿಯ ಮೇಲೆ ಒದ್ದೆ ಸೀರೆ. ಕೇಳಿದರೆ "ಸೆಕೆ ಕಣೇ." ಮಾಗಿಯ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹೇಳಿದ ಮಾತು ಅದು.

ಒಂದು ದಿನ ಆಫೀಸಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ಅಡುಗೆಮನೆಯ ಆಚೆಯಿಂದ ಅತ್ತೆಯ ದನಿ ಕೇಳಿತು. "ಮೂಗೇ ಇಲ್ದಿರೋ ಕೂಸಿನ ಮುಂದೆ ತಟ್ಟೆ ಇಟ್ಟು ಹೋಗ್ತಾಳಲ್ಲೋ ನಿಮ್ಮಮ್ಮ! ಎಂ.ಎ. ಓದಿದಾಳಂತೆ. ಎತ್ಕೊಂಡು ತಿನ್ನೋಕೆ ನಿಂಗೇನು ಸೊಂಡಿಲಿದ್ಯಾ? ಹೂಂ, ಆ ಅನ್ನಪ್ಪ."

ಬಗ್ಗಿ ನೋಡಿದೆ. ಅತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಮೈಯೆಲ್ಲ ಗೆರೆಯ ಈಚೆ, ಬಲಗೈ ಮಾತ್ರ ಆಚೆ. ಆ ಕೈ ನನ್ನ ಅಡುಗೆಯನ್ನು ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ನಾಯಿಯ ಬಾಯಿಯ ಪಕ್ಕದಿಂದ ಒಳಗಿಡುತ್ತಿತ್ತು. ಪ್ರತಿ ತುತ್ತಿಗೂ ಸೆರಗಿನ ತುದಿಯಿಂದ ಮಡಿಕೆ ಒರೆಸುವುದು. ಕಡುಬು ಕಣ್ಣು ಅರೆಮುಚ್ಚಿ, ಪಂಕ್ತಿಯಲ್ಲಿ ಕೂತ ಬೀಗರ ಗತ್ತಿನಲ್ಲಿ ಅಗಿಯುತ್ತಿತ್ತು.

"ಅತ್ತೆ, ಅದ್ರಲ್ಲಿ ಮೊಟ್ಟೆ..."

ಅವರು ಬೆಚ್ಚಲಿಲ್ಲ. "ಪಾತ್ರೆ ಗೆರೆ ದಾಟಿದ್ಯಾ? ಕಣ್ಣಿದ್ರೆ ನೋಡು," ಎಂದು ಕೊನೆಯ ತುತ್ತು ಕೊಟ್ಟು, ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಬಚ್ಚಲಿಗೆ ನಡೆದರು.

ಅಂದಿನಿಂದ ಭಾನುವಾರವೂ ಕಡುಬಿಗೆ ಊಟವಿದೆ. ನಾನು ಆ ಹೊತ್ತಿಗೆ ಸರಿಯಾಗಿ ಟೆರೇಸಿಗೆ ಬಟ್ಟೆ ಒಣಗಿಸಲು ಹೋಗುತ್ತೇನೆ. ವಾಟ್ಸಾಪಿನಲ್ಲಿ ನನ್ನ ವಿಧಾನ ಹಾಗೇ ಇದೆ. ಮುಖ್ಯ ಪದಾರ್ಥವೇ ಬಿಟ್ಟುಹೋಗಿದೆ ಎಂದು ಮೂರನೆಯ ಮಹಡಿಯ ಆಂಟಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನನ್ನನ್ನು ಕಾಡುವುದು ಬೇರೆಯೇ. ಸೀರೆಯ ಬಣ್ಣ ಮರೆತ ನನಗೆ ಸೆರಗಿನ ತುದಿಯಲ್ಲಿದ್ದ ಹಳದಿ ಕಲೆ ಮಾತ್ರ ಸ್ಪಷ್ಟವಾಗಿ ನೆನಪಿದೆ. ದಿನಚರಿಯಲ್ಲಿ ಅದನ್ನು 'ಮೊಟ್ಟೆ' ಎಂದು ಬರೆದು, ಹೊಡೆದುಹಾಕಿ, 'ಕುಂಬಳಕಾಯಿ' ಎಂದು ಬರೆದು, ಅದನ್ನೂ ಹೊಡೆದುಹಾಕಿದೆ. ಮೊನ್ನೆ ಅತ್ತೆ ಹೂ ಕಟ್ಟುತ್ತ ಕೂತಿದ್ದಾಗ, ಕಡುಬು ಅವರ ಮಡಿಲಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ತಲೆಯೆತ್ತದೆ ಇನ್ನೊಂದು ಗಂಟು ಹಾಕಿದರು. ಆಮೇಲೆ ಇನ್ನೊಂದು. ಮಾಲೆ ಮುಗಿದು ದೇವರ ಪಟಕ್ಕೂ ಏರಿತು. ನನ್ನ ಪ್ರಶ್ನೆ ಮಾತ್ರ ಗೆರೆಯ ಆಚೆಯೇ ಕೂತಿದೆ:

"ಅತ್ತೆ, ಅವತ್ತು ನಿಮ್ಮ ಸೆರಗಿಗೆ ಹತ್ತಿತ್ತಲ್ಲ ಹಳದಿ, ಅದು ಕುಂಬಳಕಾಯಾ, ಮೊಟ್ಟೇನಾ?"