ಆಫ್ ಆಗದ ಕಂಪ್ಯೂಟರುಗಳ ಋಣ

ಕಂಪ್ಯೂಟರ್ ಆನ್ ಆಗದಿದ್ದರೆ ಜನ ಒಂದೆರಡು ದಿನ ಸುಮ್ಮನಿರುತ್ತಾರೆ. ಆಫ್ ಆಗದಿದ್ದರೆ ಮಾತ್ರ ಮನೆಮಂದಿಗೆಲ್ಲ ನಿದ್ದೆ ಕೆಟ್ಟು ನನಗೆ ಫೋನು ಬರುತ್ತದೆ. ಯಲಹಂಕದಿಂದ ಯಶವಂತಪುರದವರೆಗೆ ಸ್ಕೂಟರಿನಲ್ಲಿ ಓಡಾಡಿ ಮನೆಮನೆಯ ಕಂಪ್ಯೂಟರು ರಿಪೇರಿ ಮಾಡುವ ನನಗೆ ತಿಂಗಳಿಗೊಂದಾದರೂ ಇಂಥ ಮನೆ ಸಿಕ್ಕೇ ಸಿಗುತ್ತದೆ. ನಿಜ ಹೇಳಬೇಕೆಂದರೆ, ನಾನು ಅವರ ಕಂಪ್ಯೂಟರು ಸರಿಮಾಡಿದ್ದಕ್ಕಿಂತ ಅವರು ನನ್ನನ್ನು ಸಹಿಸಿಕೊಂಡಿದ್ದೇ ಹೆಚ್ಚು.

೧. ಲಿಖಿತ ಆದೇಶ

ಆರ್.ಟಿ. ನಗರದಲ್ಲಿ ಒಬ್ಬ ನಿವೃತ್ತ ಸರ್ಕಾರಿ ಅಧಿಕಾರಿ ಇದ್ದಾರೆ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಸಿಕ್ಕ ಗಿರಾಕಿ. ಒಂದು ಸೋಮವಾರ ಫೋನ್ ಮಾಡಿ, ಶನಿವಾರ ಸಂಜೆ ಕಂಪ್ಯೂಟರ್ ಆಫ್ ಮಾಡೋಕೆ ಹೋದೆ, ಇನ್ನೂ ಆಗುತ್ತಲೇ ಇದೆ ಅಂದರು. ಪರದೆಯ ಮೇಲೆ ಚಕ್ರ ಸುತ್ತುತ್ತಿದೆಯಂತೆ. ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಅದರ ಕೆಳಗೆ ಬರೆದಿದೆಯಂತೆ. ಎರಡು ದಿನದಿಂದ ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಅದರ ಮುಂದೆ ಕಾವಲು ಕೂತಿದ್ದರು. ಭಾನುವಾರ ಭಾವಮೈದುನನ ಮನೆಯ ಗೃಹಪ್ರವೇಶಕ್ಕೂ ಹೋಗಿರಲಿಲ್ಲ.

ಅದು ನಡುವೆ ಸಿಕ್ಕಿಹಾಕಿಕೊಂಡಿದೆ, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡೀರಿ ಅಂದೆ. ಅವರು ಒಪ್ಪಲಿಲ್ಲ.

"ಆಫ್ ಮಾಡಬೇಡಿ ಅಂತ ಅದು ಬರವಣಿಗೇಲಿ ಕೊಟ್ಟಿದೆ. ನೀವು ಬರೀ ಬಾಯಲ್ಲಿ ಹೇಳ್ತಿದೀರ. ನೀವೂ ಬರವಣಿಗೇಲಿ ಕೊಡಿ," ಅಂದರು.

ಮೆಸೇಜ್ ಕಳಿಸಿದೆ. ಬಟನ್ ಒತ್ತಿದರು, ಆಫ್ ಆಯಿತು. ಮತ್ತೆ ಹಾಕಿದಾಗ ಎಲ್ಲ ನೆಟ್ಟಗಿತ್ತು. ಅಷ್ಟಕ್ಕೇ ಅವರು ಇಡೀ ಬೀದಿಗೆ ನನ್ನ ನಂಬರ್ ಕೊಟ್ಟರು. ಆ ವರ್ಷ ನನ್ನ ಮನೆಯ ಒಲೆ ಉರಿದದ್ದು ಆ ಒಂದು ಬೀದಿಯಿಂದ. ಕೃತಜ್ಞತೆ ಹೇಳೋಣ ಅಂತ ಹೋದರೆ, ನನ್ನ ಮೆಸೇಜಿನ ಪ್ರಿಂಟ್ ತೆಗೆದು ಫೈಲಿಗೆ ಹಾಕಿಟ್ಟಿದ್ದರು. ಅದರ ಕೆಳಗೆ ನನ್ನ ಸಹಿ ಬಿದ್ದ ಮೇಲೆಯೇ ಕಾಫಿ ಬಂದದ್ದು.

೨. ಮರ್ಯಾದೆ

ಯಶವಂತಪುರದಲ್ಲಿ ಒಬ್ಬ ಟೈಲರ್ ಮಾಸ್ಟರ್. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಒಳಗೆ ಹೆಂಡತಿ ಮಕ್ಕಳ ಜೊತೆ ಉರ್ದು, ಹೊರಗೆ ನಮ್ಮ ಜೊತೆ ಚೊಕ್ಕ ಕನ್ನಡ. ಗಿರಾಕಿಗಳಿಗೆ ಬ್ಲೌಸಿನ ಡಿಸೈನ್ ತೋರಿಸೋಕೆ ಹೊಲಿಗೆ ಮೇಜಿನ ಮೇಲೆಯೇ ಒಂದು ಕಂಪ್ಯೂಟರ್ ಇಟ್ಟಿದ್ದರು. ಆಫ್ ಮಾಡಿದ ಐದು ನಿಮಿಷಕ್ಕೆ ಅದು ತಾನಾಗಿಯೇ ಎದ್ದು ಕೂರುತ್ತದೆ ಅನ್ನೋದು ಅವರ ದೂರು.

ಹೋದೆ, ಅವರ ಕೈಯಲ್ಲೇ ಆಫ್ ಮಾಡಿಸಿದೆ, ಅರ್ಧ ಗಂಟೆ ಕಾದೆ. ಏಳಲಿಲ್ಲ. ಹೊರಟು ಮತ್ತಿಕೆರೆ ದಾಟುವಷ್ಟರಲ್ಲಿ ಫೋನು: ಎದ್ದಿದೆ. ಎರಡನೇ ಸಲವೂ ಇದೇ ಕಥೆ. ನಾನು ಕಾಯುತ್ತಾ ಕೂತ ಹೊತ್ತಿನಲ್ಲಿ ಅವರು ನನ್ನ ಬ್ಯಾಗಿನ ಹರಿದ ಪಟ್ಟಿಯನ್ನು ಕೈಯಲ್ಲೇ ಹೊಲಿದು ಕೊಟ್ಟರು. ಬೇಡ ಅಂದರೂ ಕೇಳಲಿಲ್ಲ. ಆ ಹೊಲಿಗೆ ಇವತ್ತಿಗೂ ಬಿಚ್ಚಿಲ್ಲ.

ಮೂರನೇ ಸಲವೂ ಅವರೇ ಆಫ್ ಮಾಡಿದರು. ಪರದೆ ಕಪ್ಪಾಯಿತು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಕೆಲಸ ಬಾಕಿ ಬಿದ್ದಿದ್ದ ಮಾಸ್ಟರ್ ತಡೆಯಲಾರದೆ ಹೊಲಿಗೆ ಮಿಷನ್ ಶುರು ಮಾಡಿದರು. ಮೇಜು ಗಡಗಡ ಅಂತು, ಮೌಸ್ ಎರಡು ಬೆರಳು ಪಕ್ಕಕ್ಕೆ ಸರಿಯಿತು, ಪರದೆ ಬೆಳಗಿತು. ಅವರು ಇಷ್ಟು ದಿನ ಆಫ್ ಅಂದುಕೊಂಡು ಒತ್ತುತ್ತಿದ್ದದ್ದು ಸ್ಲೀಪ್. ಆ ನಿದ್ದೆಯಲ್ಲಿರುವ ಕಂಪ್ಯೂಟರು ಮೌಸ್ ಅಲ್ಲಾಡಿದರೆ ಎದ್ದುಬಿಡುತ್ತದೆ.

ಮೊದಲೆರಡು ಸಲ ಮಿಷನ್ ಯಾಕೆ ಓಡಿಸಲಿಲ್ಲ ಅಂತ ಕೇಳಿದೆ.

"ನೀವು ತಲೆ ಕೆಡಿಸ್ಕೊಂಡು ಕೂತಿರೋವಾಗ ಸದ್ದು ಮಾಡಬಾರದು ಅಂತ ನಿಲ್ಲಿಸ್ತಿದ್ದೆ ಸಾರ್," ಅಂದರು ಬೇಜಾರಿನಲ್ಲಿ. "ನಿಮಗೆ ಮರ್ಯಾದೆ ಕೊಟ್ಟಿದ್ದೇ ತಪ್ಪಾಯ್ತು."

೩. ಬಿಳಿ ಪುಡಿ

ಅಮೃತಹಳ್ಳಿಯಲ್ಲಿ ಒಂದು ಹಳೇ ಒಕ್ಕಲಿನ ಮನೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು. ಸೊಸೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಅವರು ವರ್ಷಗಟ್ಟಲೆ ಕೂತು ತಯಾರಿಸಿದ ಪ್ರಶ್ನೆಪತ್ರಿಕೆಗಳೆಲ್ಲ ಒಂದು ಹಳೇ ಕಂಪ್ಯೂಟರಿನಲ್ಲಿದ್ದವು. ಚಳಿ ಶುರುವಾದಾಗಿನಿಂದ ಅದಕ್ಕೊಂದು ವಿಚಿತ್ರ ರೋಗ. ಮಲಗುವ ಮುಂಚೆ ಸರಿಯಾಗಿ ಆಫ್ ಮಾಡಿದರೂ ಬೆಳಿಗ್ಗೆ ಎದ್ದು ನೋಡಿದರೆ ಆನ್ ಆಗಿ, ಫ್ಯಾನು ಬುಸುಗುಡುತ್ತಿರುತ್ತದೆ. ನೀನೇ ಮರೆತಿರ್ತೀಯ ಅಂತ ಗಂಡ. ಪಾಪ ಆ ಹೆಣ್ಣುಮಗಳು ದಿನಾ ಆಫ್ ಆದ ಪರದೆಯ ಫೋಟೋ ತೆಗೆದು ಪಕ್ಕದಲ್ಲೇ ಮಲಗಿದ ಗಂಡನಿಗೆ ಕಳಿಸೋಕೆ ಶುರು ಮಾಡಿದ್ದರು. ಯಾವತ್ತೋ ಒಂದು ದಿನ ಸುಟ್ಟುಹೋದರೆ ನನ್ನ ಪೇಪರುಗಳ ಗತಿಯೇನು ಅಂತ ನನ್ನ ಮುಂದೆ ಕಣ್ಣು ತುಂಬಿಕೊಂಡರು.

ಮೊದಲು ಪೇಪರುಗಳನ್ನೆಲ್ಲ ಬೇರೆ ಕಡೆ ಉಳಿಸಿದೆ. ಸೆಟ್ಟಿಂಗ್ ಬದಲಿಸಿದೆ. ಕರೆಂಟಿನ ವೈರು ಹೊಸದು ಹಾಕಿದೆ. ಫಾರ್ಮ್ಯಾಟ್ ಕೂಡ ಮಾಡಿದೆ. ರೋಗ ಹೋಗಲಿಲ್ಲ. ಕೊನೆಗೆ ಸಿಪಿಯು ಡಬ್ಬ ಬಿಚ್ಚಿದರೆ ಒಳಗೆ ಬೋರ್ಡಿನ ಮೇಲೆ ಬಿಳಿ ಪುಡಿ ಗಟ್ಟಿಯಾಗಿ ಅಂಟಿತ್ತು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಮಾರುವ ಗೆಳೆಯನಿಗೆ ಫೋಟೋ ಕಳಿಸಿದೆ. ಕೆಪಾಸಿಟರ್ ಸೋರಿದೆ ಗುರು, ಮದರ್‌ಬೋರ್ಡ್ ಹೋಯ್ತು ಅಂದ. ನಾನೂ ದೊಡ್ಡ ಡಾಕ್ಟರ ಹಾಗೆ ಮುಖ ಮಾಡಿಕೊಂಡು ಅದನ್ನೇ ಮನೆಯವರಿಗೆ ಹೇಳಿ, ಅಂಗಡಿಗೆ ಒಯ್ಯೋಣ ಅಂತ ಡಬ್ಬ ಎತ್ತಿದೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ಅಂದರೆ ಆ ಮನೆಯ ಅಜ್ಜಿ, ಎದ್ದು ಬಂದು ಡಬ್ಬದ ಮೇಲೆ ಕೈಯಿಟ್ಟರು.

"ತಕಂಡ್ ಓಗ್ಬ್ಯಾಡಪ್ಪ. ಇಟ್ಟು ಉಬ್ಬಾಕಿಲ್ಲ."

ಯಾವ ಹಿಟ್ಟು ಅಂತ ಮಗ ಕೇಳಿದ. ಇಡ್ಲಿ ಹಿಟ್ಟು ಅಂದರು. ಚಳಿಗೆ ಹಿಟ್ಟು ಹುಳಿ ಬರುತ್ತಿರಲಿಲ್ಲವಂತೆ. ಒಂದು ದಿನ ಧೂಳು ಒರೆಸುವಾಗ ಡಬ್ಬದ ತಲೆ ಮುಟ್ಟಿದರೆ ಬೆಚ್ಚಗೆ ಹಿತವಾಗಿತ್ತು. ಆವತ್ತಿನಿಂದ ಎಲ್ಲರೂ ಮಲಗಿದ ಮೇಲೆ ಬಟನ್ ಒತ್ತಿ, ಹಿಟ್ಟಿನ ಪಾತ್ರೆಯನ್ನು ಅದರ ಮೇಲೆ ಕೂರಿಸಿ, ಟವೆಲ್ ಹೊದಿಸಿ, ಸೊಸೆ ಏಳುವ ಮುಂಚೆ ತೆಗೆದು ಅಡುಗೆಮನೆಗೆ ಸಾಗಿಸುತ್ತಿದ್ದರು. ಮತ್ತೆ ಆಫ್ ಯಾಕೆ ಮಾಡ್ತಿರಲಿಲ್ಲ ಅಂದಿದ್ದಕ್ಕೆ, ಅದು ನಂಗೆ ಬರಾಕಿಲ್ಲ ಅಂದರು.

ನಾನು ಆ ಬಿಳಿ ಪುಡಿಯನ್ನು ಉಗುರಿನಲ್ಲಿ ಕೆರೆದು ಮೂಸಿದೆ. ಉದ್ದಿನಬೇಳೆಯ ಹುಳಿ ವಾಸನೆ ಇತ್ತು. ಉಬ್ಬಿದ ಹಿಟ್ಟು ಉಕ್ಕಿ, ಮೇಲಿನ ಜಾಲರಿಯಿಂದ ಒಳಗೆ ತೊಟ್ಟಿಕ್ಕಿ ಒಣಗಿತ್ತು. ಗೆಳೆಯನಿಗೆ ಈ ವಿಷಯ ನಾನು ಇನ್ನೂ ಹೇಳಿಲ್ಲ.

ಅತ್ತೆ ಸೊಸೆ ಜಗಳ ಶುರುವಾಗುತ್ತೆ ಅಂತ ನಾನು ಸಾಮಾನು ಎತ್ತಿಡತೊಡಗಿದೆ. ಸೊಸೆ ಮೊದಲು ಗಂಡನ ಮುಖ ನೋಡಿದರು. ಅವನು ಫೋನ್ ನೋಡಿಕೊಂಡು ಕೂತ. ಆಮೇಲೆ ಆಕೆ ಅಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಇಡ್ಲಿ ಬಂತು, ಅವರೆಕಾಳು ಸಾರು ಬಂತು. ಅಂಥ ಮೆತ್ತನೆಯ ಇಡ್ಲಿ ನಾನು ಯಾವ ಹೋಟೆಲಿನಲ್ಲೂ ತಿಂದಿಲ್ಲ. ಮದರ್‌ಬೋರ್ಡ್ ಹೋಗಿದೆ ಅಂತ ತೀರ್ಪು ಕೊಟ್ಟಿದ್ದ ನನ್ನನ್ನು ಆ ಮನೆಯವರು ಯಾರೂ ಒಂದು ಮಾತು ಅನ್ನಲಿಲ್ಲ. ತಟ್ಟೆಗೆ ಇನ್ನೆರಡು ಹಾಕಿದರು.

ತಪ್ಪು ತಿದ್ದಿಕೊಳ್ಳೋಕೋ ಏನೋ, ಮಗ ಹೆಂಡತಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂದ. ಅದು ಹೆಂಗಿರ್ತದೆ ಅಂತ ಅಜ್ಜಿ ನನ್ನನ್ನು ಕೇಳಿದರು. ಸ್ಲೇಟಿನಷ್ಟು ತೆಳ್ಳಗೆ ಅಂತ ಎರಡು ಬೆರಳಲ್ಲಿ ತೋರಿಸಿದೆ. ಅಜ್ಜಿ ಬೆರಳನ್ನೂ ನೋಡಿದರು, ಪಾತ್ರೆಯನ್ನೂ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಅಂಗಾರೆ ಅದು ಬ್ಯಾಡ ಕಣಪ್ಪ. ಪಾತ್ರೆ ಕೂರೋ ಅಂತದ್ದೇ ಕೊಡ್ಸು."